ತಮ್ಮನ ಹೃದಯದ ವಾಲ್ವ್ ಲೀಕ್: ರಿಪೇರಿ ಮಾಡಿಸಿಕೊಂಡವರು ಹೇಗಿದ್ದೀರಿ?

ಅಘನಾಶಿನಿ ದಂಡೆ · ಮೇ 11

ಎಲ್ಲರಿಗೂ ನಮಸ್ಕಾರ. ನಾನು ಕುಮಟಾ ತಾಲ್ಲೂಕಿನ ಹೊಳೆದಂಡೆಯ ಹಳ್ಳಿಯವಳು, ಪ್ರಾಥಮಿಕ ಶಾಲೆಯಲ್ಲಿ ಟೀಚರ್. ಕೇಳಬೇಕಿರುವುದು ತಮ್ಮನ ಬಗ್ಗೆ.

ಅವನಿಗೆ 34 ವರ್ಷ. ತದಡಿ ಬಂದರಿನಿಂದ ಹೊರಡುವ ಪರ್ಸೀನ್ (ಸುತ್ತುಬಲೆಯ ಮೀನುಗಾರಿಕೆ) ಬೋಟಿನಲ್ಲಿ ಕೆಲಸ. ಹೋದ ವರ್ಷ ಆಗಸ್ಟಿನಲ್ಲಿ ಬೋಟು ಇಳಿದ ಮೇಲೆ, ಬಲೆ ಎಳೆಯುವಾಗ ದಮ್ಮು ಹತ್ತುತ್ತದೆ ಅಂತ ಹೇಳಲಿಕ್ಕೆ ಶುರು ಮಾಡಿದ. ಬೀಡಿ ಬಿಡು ಅಂತ ಅಮ್ಮ ಬೈದಳು. ಬೀಡಿ ಬಿಟ್ಟ, ದಮ್ಮು ಬಿಡಲಿಲ್ಲ. ಆಮೇಲೆ ನನ್ನ ಕಣ್ಣಿಗೆ ಬಿದ್ದದ್ದು ಬೇರೆ. ಊಟಕ್ಕೆ ಎದುರಿಗೆ ಕೂತಾಗ ಅವನ ಕೊರಳಿನ ಎರಡೂ ಬದಿಯ ನಾಡಿ ಎದ್ದು ಕುಣಿಯುತ್ತದೆ. ಅಂಗಿಯ ಕಾಲರ್ ಕೂಡ ಅಲುಗುತ್ತದೆ. ತಮಾಷೆ ಮಾಡಿದೆ ಮೊದಲು. ಈಗ ನೆನೆಸಿದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಊರಿನ ಡಾಕ್ಟರು ಬಿ.ಪಿ. ನೋಡಿದಾಗ 158/48 ಬಂತು. ಕೆಳಗಿನದು ಇಷ್ಟು ಕಡಿಮೆ ಹೇಗೆ ಅಂತ ಮತ್ತೊಂದು ತೋಳಿಗೆ ಪಟ್ಟಿ ಕಟ್ಟಿ ನೋಡಿದರು, ಅಷ್ಟೇ ಬಂತು. ಸ್ಟೆತಸ್ಕೋಪ್ ಇಟ್ಟು ಬಹಳ ಹೊತ್ತು ಕೇಳಿ, ನಾಳೆಯೇ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿ ಅಂದರು.

ಎಕೋದಲ್ಲಿ ಬಂದದ್ದು: ಅಯೋರ್ಟಿಕ್ ವಾಲ್ವಿಗೆ (ಹೃದಯದಿಂದ ಮಹಾಪಧಮನಿಗೆ ರಕ್ತ ಬಿಡುವ ಬಾಗಿಲು) ಮೂರು ಎಸಳಿರಬೇಕಾದಲ್ಲಿ ಎರಡೇ ಇವೆ, ಹುಟ್ಟಿನಿಂದಲೇ. ಅಮ್ಮನಿಗೆ ಬಳಚಿನ (ಎರಡು ಹೋಳಿನ ಚಿಪ್ಪುಮೀನು) ಚಿಪ್ಪು ತೋರಿಸಿ ಹೀಗೆ ಅಂತ ಹೇಳಿದೆ, ಅವಳಿಗೆ ತಕ್ಷಣ ಅರ್ಥವಾಯಿತು. ಲೀಕ್ 'ಸಿವಿಯರ್'. ಎಡ ಹೃತ್ಕುಕ್ಷಿ (ರಕ್ತ ಒತ್ತಿ ಕಳಿಸುವ ಕೋಣೆ) ಪೂರ್ತಿ ಕುಗ್ಗಿದಾಗಲೂ 53 ಮಿ.ಮೀ. ಇದೆಯಂತೆ. ಇ.ಎಫ್., ಅಂದರೆ ಆ ಕೋಣೆ ಒಂದು ಮಿಡಿತಕ್ಕೆ ತನ್ನಲ್ಲಿರುವ ರಕ್ತದಲ್ಲಿ ನೂರಕ್ಕೆ ಎಷ್ಟು ಹೊರಗೆ ಕಳಿಸುತ್ತದೆ ಅನ್ನುವುದು, 52. ಮಹಾಪಧಮನಿಯ ಬುಡ ಹಿಗ್ಗಿ 46 ಮಿ.ಮೀ. ಆಗಿದೆ.

ಆಪರೇಷನ್ ಬೇಕು ಅನ್ನುವುದರಲ್ಲಿ ಯಾರಿಗೂ ಅನುಮಾನವಿಲ್ಲ. ಮೊದಲು ತೋರಿಸಿದ ಕಡೆ, ಲೋಹದ ವಾಲ್ವ್ ಹಾಕಿಬಿಡೋಣ, ಒಮ್ಮೆಗೇ ಮುಗಿಯುತ್ತದೆ, ರಕ್ತ ತೆಳುವಾಗುವ ಮಾತ್ರೆ ಮಾತ್ರ ಜೀವನಪರ್ಯಂತ ಅಂದರು. ಇನ್ನೊಂದು ಕಡೆ, ಇವನ ವಾಲ್ವನ್ನೇ ಉಳಿಸಿ ರಿಪೇರಿ ಮಾಡಲು ಬರಬಹುದು ಅಂದರು. ರಿಪೇರಿ ಎಷ್ಟು ವರ್ಷ ಬಾಳುತ್ತದೆ ಅಂತ ಕೇಳಿದೆ. 'ಅದು ಹೇಳಲಿಕ್ಕೆ ಬರುವುದಿಲ್ಲಮ್ಮ' ಅಂದವರು ಮುಂದಿನ ಟೋಕನ್ ಕರೆದರು.

ಸಮುದ್ರದ ಕೆಲಸದವನು. ಕೈಗೆ ಗಾಯವಾಗದ ದಿನವಿಲ್ಲ. ಆ ಮಾತ್ರೆ ತಿನ್ನುತ್ತ ಬಲೆ ಎಳೆಯುವುದು ಹೇಗೆ? ರಿಪೇರಿ ಮಾಡಿಸಿಕೊಂಡವರು ಯಾರಾದರೂ ಇದ್ದರೆ ಹೇಗಿದ್ದೀರಿ ಅಂತ ಒಂದು ಮಾತು ಬರೆಯಿರಿ.

---

ತೋಟದ ಮನೆ, ಶಿರಸಿ · ಮೇ 11

ತಂಗಿ, ನಿಮ್ಮ ಪ್ರಶ್ನೆಯನ್ನು ನಮ್ಮ ಮನೆಯವಳೇ ಮೊದಲು ಓದಿ 'ನಿಮ್ಮದೇ ಕಥೆ ಬರೆದಿದ್ದಾರೆ ನೋಡಿ' ಅಂತ ಫೋನ್ ಕೈಗೆ ಕೊಟ್ಟಳು. ನನಗೂ ಎರಡೆಸಳಿನ ವಾಲ್ವೇ. 2017ರ ಫೆಬ್ರುವರಿಯಲ್ಲಿ ರಿಪೇರಿಯಾಯಿತು. ಆಗ ನನಗೆ 44. ಈಗ 52. ಇವತ್ತು ಬೆಳಿಗ್ಗೆ ತೋಟಕ್ಕೆ ಇಳಿದು ಹತ್ತಿ ಬಂದು ಇದನ್ನು ಬರೆಯುತ್ತಿದ್ದೇನೆ. ಮೊದಲು ಇಷ್ಟು ತಿಳಿದುಕೊಳ್ಳಿ, ಉಳಿದದ್ದು ನಿಧಾನಕ್ಕೆ.

ನಮ್ಮ ಮನೆ ಮೇಲೆ, ತೋಟ ಕೆಳಗೆ. ನಡುವೆ ನೂರಾ ಹತ್ತು ಮೆಟ್ಟಿಲು, ಅಪ್ಪ ಕಲ್ಲು ಹಾಸಿದ್ದು. ಆ ವರ್ಷ ಅಡಿಕೆ ಗೊನೆ ಕೊಯ್ಲಿನ ಹೊತ್ತಿಗೆ ಅರವತ್ತಕ್ಕೆ ನಿಲ್ಲಬೇಕಾಯಿತು, ಆಮೇಲೆ ನಲವತ್ತಕ್ಕೆ. ರಾತ್ರಿ ಎಡಮಗ್ಗುಲಿಗೆ ಮಲಗಿದರೆ ಎದೆ ಬಡಿದದ್ದು ಮಂಚಕ್ಕೆ ಕೇಳುತ್ತಿತ್ತು. ಹೆಂಡತಿ 'ಯಾರೋ ಬಾಗಿಲು ತಟ್ಟಿದ ಹಾಗೆ' ಅನ್ನುತ್ತಿದ್ದಳು.

ಲೀಕ್ ಅಂದರೆ ಏನು ಅಂತ ನನಗೆ ಅರ್ಥವಾದದ್ದು ಡಾಕ್ಟರ ಚಿತ್ರದಿಂದಲ್ಲ, ತೋಟದ ಪಂಪಿನಿಂದ. ಫುಟ್‌ವಾಲ್ವ್ ಸರಿಯಿಲ್ಲದಿದ್ದರೆ ಏನಾಗುತ್ತದೆ? ಮೇಲೆ ಏರಿದ ನೀರು ತಿರುಗಿ ಹೊಂಡಕ್ಕೇ ಇಳಿಯುತ್ತದೆ. ಅದೇ ನೀರನ್ನು ಎರಡೆರಡು ಸಲ ಎತ್ತಬೇಕು. ಹೃದಯ ಒತ್ತಿ ಕಳಿಸಿದ ರಕ್ತ ಅದು ಸಡಿಲವಾದೊಡನೆ ವಾಪಸು ಸುರಿದರೆ ಕೋಣೆ ತುಂಬಿ ಹಿಗ್ಗುತ್ತ ಹೋಗುತ್ತದೆ. ಮೇಲಿನ ಬಿ.ಪಿ. ಏರುವುದು, ಕೆಳಗಿನದು ಇಳಿಯುವುದು, ಕೊರಳು ಕುಣಿಯುವುದು, ಎಲ್ಲ ಅದರದೇ ಲಕ್ಷಣ. ವಿಚಿತ್ರ ಅಂದರೆ ಈ ಹಿಗ್ಗುವುದನ್ನು ದೇಹ ವರ್ಷಗಟ್ಟಲೆ ಸಹಿಸಿಕೊಳ್ಳುತ್ತದೆ, ಗೊತ್ತೇ ಆಗಗೊಡುವುದಿಲ್ಲ. ಗೊತ್ತಾಗುವ ಹೊತ್ತಿಗೆ ಸ್ನಾಯು ಬಳಲಿರುತ್ತದೆ. ಹಾಗಾಗಿ ಮುಂದೂಡಬೇಡಿ. ಇ.ಎಫ್. 50ರ ಕೆಳಗೆ ಇಳಿಯುವ ಮೊದಲು ಮಾಡಿಸಿದರೆ ಹೃದಯ ಮೊದಲಿನ ಅಳತೆಗೆ ಮರಳುವ ಸಾಧ್ಯತೆ ಹೆಚ್ಚು ಅಂತ ನನ್ನ ಡಾಕ್ಟರು ಹೇಳಿದ್ದರು. ನನ್ನದು (ಕೋಣೆ ತುಂಬಿದಾಗಿನ ಅಳತೆ, ಕುಗ್ಗಿದಾಗಿನದ್ದಲ್ಲ) 68 ಮಿ.ಮೀ.ಗೆ ಹಿಗ್ಗಿದ್ದು ಒಂದು ವರ್ಷದಲ್ಲಿ 54ಕ್ಕೆ ಬಂತು.

ನನ್ನ ಸರ್ಜನ್ ಮಾತು ಕಡಿಮೆ. 'ಒಳಗೆ ಕಣ್ಣಾರೆ ನೋಡದೆ ರಿಪೇರಿ ಅಂತ ಮಾತು ಕೊಡುವುದಿಲ್ಲ' ಅಂದರು. ಒಪ್ಪಿಗೆ ಕಾಗದದಲ್ಲಿ ಎರಡೂ ಬರೆಸಿಕೊಂಡರು: ಆದರೆ ರಿಪೇರಿ, ಆಗದಿದ್ದರೆ ಬದಲಿ, ಬದಲಿಯಾದರೆ ಯಾವ ವಾಲ್ವ್ ಅಂತ. ಆ ಮೂರನೆಯದನ್ನು ನೀವು ಮನೆಯಲ್ಲೇ ಕೂತು ತೀರ್ಮಾನ ಮಾಡಿಕೊಂಡು ಹೋಗಿ. ಮತ್ತು ಹೊಟೇಲಿನಲ್ಲಿ ರೇಟು ಕೇಳಿದ ಹಾಗೆ 'ಎಷ್ಟು ವರ್ಷ ಬಾಳುತ್ತದೆ' ಅಂತ ಕೇಳಬೇಡಿ, ನಿಮಗೆ ಸಿಕ್ಕಿದ ಉತ್ತರವೇ ಸಿಗುತ್ತದೆ. ನನ್ನ ಭಾವ ಹೇಳಿಕೊಟ್ಟದ್ದು ಬೇರೆ ಥರ: 'ಸೋರುತ್ತಿರುವುದು ಯಾವ ಕಾರಣಕ್ಕೆ? ನೀವು ಈ ನಮೂನೆಯದನ್ನು ಎಷ್ಟು ರಿಪೇರಿ ಮಾಡಿದ್ದೀರಿ? ಅದರಲ್ಲಿ ಎಷ್ಟು ಮಂದಿ ತಿರುಗಿ ಬಂದರು?' ಮೂರನೆಯದನ್ನು ಕೇಳುವಾಗ ನನ್ನ ಗಂಟಲು ಒಣಗಿತ್ತು. ಆದರೆ ಅವರು ಕುರ್ಚಿ ಹತ್ತಿರ ಎಳೆದುಕೊಂಡು ಮಾತಾಡಿದ್ದು ಆ ಪ್ರಶ್ನೆಯ ನಂತರವೇ.

ನನ್ನದರಲ್ಲಿ ಒಂದು ಎಸಳು ಜೋತು ಬಿದ್ದಿತ್ತಂತೆ. ಅದರ ನಡುವೆ ಎರಡೋ ಮೂರೋ ಹೊಲಿಗೆ ಹಾಕಿ ಅಂಚು ಬಿಗಿ ಮಾಡಿ, ಬುಡಕ್ಕೆ ಉಂಗುರದ ಹಾಗೆ ಸುತ್ತಲೂ ದಾರ ಎಳೆದು ಕಟ್ಟಿದರು. ನನ್ನ ಮಹಾಪಧಮನಿ ಹಿಗ್ಗಿರಲಿಲ್ಲ. ನಿಮ್ಮ ತಮ್ಮನದು ಹಿಗ್ಗಿದೆ, ಆದ್ದರಿಂದ ಕೆಲಸ ದೊಡ್ಡದಿರುತ್ತದೆ.

ಆಮೇಲಿನದ್ದು. ಎದೆಯ ಮೂಳೆಗೆ ತಂತಿ ಹಾಕಿ ಕಟ್ಟಿರುತ್ತಾರೆ. ಕೆಮ್ಮು ಬಂದರೆ ದಿಂಬು ತಬ್ಬಿಕೊಂಡು ಕೆಮ್ಮಬೇಕು. ಮೂರು ಚೆಂಡಿನ ಒಂದು ಪ್ಲಾಸ್ಟಿಕ್ ಡಬ್ಬಿ ಕೊಡುತ್ತಾರೆ, ಉಸಿರು ಎಳೆದು ಚೆಂಡು ಏರಿಸುವುದು. ನನಗೆ ಮೊದಲ ದಿನ ಒಂದೂ ಏಳಲಿಲ್ಲ, ಅತ್ತುಬಿಟ್ಟೆ. ಮೂರನೇ ರಾತ್ರಿ ಎದೆಯೊಳಗೆ ಬುಟ್ಟಿಯಲ್ಲಿ ಮೀನು ಒದ್ದಾಡಿದ ಹಾಗಾಯಿತು. (ನಾವು ಮೀನು ತಿನ್ನುವವರಲ್ಲ, ಆದರೂ ನಿಮಗೆ ಅರ್ಥವಾಗಲಿ ಅಂತ ಬರೆದೆ.) ಹೃದಯದ ತಾಳ ತಪ್ಪುವುದು, ಈ ಆಪರೇಷನ್ ಆದ ಮೂವರಲ್ಲಿ ಒಬ್ಬರಿಗೆ ಆಗುತ್ತದಂತೆ. ಮಾತ್ರೆಯಲ್ಲಿ ಎರಡು ದಿನಕ್ಕೆ ಸರಿಹೋಯಿತು. ಅದನ್ನು ಯಾರಾದರೂ ಮೊದಲೇ ಹೇಳಿದ್ದರೆ ಅವತ್ತು ರಾತ್ರಿ ಮನೆಗೆ ಫೋನ್ ಮಾಡಿ ಆಸ್ತಿ ವಿಷಯ ಮಾತಾಡುತ್ತಿರಲಿಲ್ಲ.

ಈಗ ರಕ್ತ ತೆಳು ಮಾಡುವ ಮಾತ್ರೆಯಿಲ್ಲ. ವರ್ಷಕ್ಕೊಮ್ಮೆ ಎಕೋ. ಮೊದಲ ಐದು ವರ್ಷ ಲೀಕ್ ಇಲ್ಲವೆನ್ನುವಷ್ಟು, ಈಗ ಎರಡು ವರ್ಷದಿಂದ 'ಮೈಲ್ಡ್' ಅಂತ ಬರೆಯುತ್ತಿದ್ದಾರೆ. ಹಾಗೇ ನಿಂತರೆ ಅಡ್ಡಿಲ್ಲೆ. ಮುಂದೆ ಒಂದು ದಿನ ಮತ್ತೆ ಎದೆ ತೆರೆಯಬೇಕಾಗಬಹುದು ಅನ್ನುವುದು ತಲೆಯಲ್ಲಿದೆ, ಇಲ್ಲ ಅಂತ ಸುಳ್ಳು ಹೇಳುವುದಿಲ್ಲ.

ಮರೆತಿದ್ದೆ. ಕವಳ (ಎಲೆಅಡಿಕೆ) ಬಿಟ್ಟೆ. ಅಡಿಕೆ ಬೆಳೆದು ಕವಳ ಹಾಕದವನು ಅಂತ ಸೊಸೈಟಿಯಲ್ಲಿ ನಗುತ್ತಾರೆ. ಆದರೆ ಹಲ್ಲು, ವಸಡು ಹಾಳಾದರೆ ಅಲ್ಲಿಂದ ಹೊರಟ ಕ್ರಿಮಿ ನೇರ ಬಂದು ವಾಲ್ವಿನ ಮೇಲೆ ಕೂರುತ್ತದೆ. ಆಪರೇಷನ್ನಿಗೆ ಮೊದಲೇ ತಮ್ಮನ ಹಲ್ಲು ತೋರಿಸಿ.

ಇನ್ನೊಂದು: ಈ ಎರಡೆಸಳು ಮನೆತನದಲ್ಲಿ ಬರುವಂಥದ್ದು. ನೀವೂ ಒಂದು ಎಕೋ ಮಾಡಿಸಿಕೊಳ್ಳಿ.

---

ಗಾಳಿಗುಡ್ಡ · ಮೇ 12

ಈಗ ತೊಡೆಯ ನಾಳದಿಂದಲೇ ವಾಲ್ವ್ ಹಾಕ್ತಾರೆ, ಎದೆ ಕೊಯ್ಯೋದೇ ಬೇಡ. ಮೂರು ದಿನಕ್ಕೆ ಮನೆಗೆ. ನಮ್ಮ ಮಾವನಿಗೆ 78 ವರ್ಷ, ಹಾಗೇ ಮಾಡಿಸಿದ್ದು. ಸುಮ್ಮನೆ ಯಾಕೆ ಓಪನ್ ಹಾರ್ಟ್ ಅಂತ ಹೆದರಿಸ್ತೀರಿ?

---

ಬೈತಖೋಲದವಳು · ಮೇ 12

ಟೀಚರ್, ನಾನು ಕಾರವಾರದಿಂದ. ಶಿರಸಿಯ ಅಣ್ಣನ ಕಥೆ ಓದಿ ಖುಷಿ ಆಯ್ತು, ಆದರೆ ನಮ್ಮದು ಹಾಗೆ ಆಗಲಿಲ್ಲ. ಎರಡೂ ಗೊತ್ತಿರಲಿ ಅಂತ ಬರೀತೇನೆ.

ನಮ್ಮ ಮನೆಯವರದ್ದೂ ಬೋಟಿನ ಕೆಲಸ. ಸಣ್ಣವರಿದ್ದಾಗ ಗಂಟಲು ನೋವು, ಆಮೇಲೆ ಮಂಡಿ ಊತ, ಜ್ವರ. ಆಗ ಯಾರೂ ಅದನ್ನ ದೊಡ್ಡದು ಮಾಡಲಿಲ್ಲ. ಅದೇ ರುಮ್ಯಾಟಿಕ್ ಜ್ವರವಂತೆ, ಹೃದಯದ ವಾಲ್ವನ್ನೂ ಕೆಡಿಸ್ತದಂತೆ. 2013ರಲ್ಲಿ ವಾಲ್ವ್ ಲೀಕ್ ಅಂತ ಗೊತ್ತಾಗಿ ರಿಪೇರಿ ಮಾಡಿದ್ರು. ಆಸ್ಪತ್ರೆ ಹೆಸರು ಬೇಡ. ಮೂರು ವರ್ಷ ಚಂದ ಇದ್ರು. ನಾಲ್ಕನೇ ವರ್ಷ ಮತ್ತೆ ದಮ್ಮು. 2019ರಲ್ಲಿ ಅದೇ ಎದೆ, ಅದೇ ಗಾಯದ ಮೇಲೆ ಎರಡನೇ ಸಲ ಕೊಯ್ದು ಲೋಹದ ವಾಲ್ವ್ ಹಾಕಿದ್ರು. ಮೊದಲನೆಯದಕ್ಕಿಂತ ಎರಡನೆಯದು ಕಷ್ಟ, ಒಳಗೆ ಎಲ್ಲ ಅಂಟಿಕೊಂಡಿರುತ್ತದಂತೆ. ಎರಡನೇ ಡಾಕ್ಟರು ಹೇಳಿದ್ದು ಏನಂದ್ರೆ, ರುಮ್ಯಾಟಿಕ್ ಆದ ಎಸಳು ದಪ್ಪ ಆಗಿ ಕುಗ್ಗಿರುತ್ತದೆ, ಎಷ್ಟು ಎಳೆದು ಹೊಲಿದರೂ ಒಂದಕ್ಕೊಂದು ಮುಟ್ಟುವಷ್ಟು ಬಟ್ಟೆಯೇ ಇರೋದಿಲ್ಲ. ಮೊದಲೇ ಯಾರೂ ನಮಗೆ ಅದನ್ನ ಹೇಳಿರಲಿಲ್ಲ. ಆ ಜ್ವರ ಮರುಕಳಿಸದ ಹಾಗೆ ಪೆನಿಸಿಲಿನ್ ಇಂಜೆಕ್ಷನ್ ಮೂರು ವಾರಕ್ಕೊಮ್ಮೆ ತಪ್ಪಿಸಬಾರದು ಅಂತ್ಲೂ ಸರಿಯಾಗಿ ಹೇಳಿರಲಿಲ್ಲ. ಈಗ ಹೇಳಿ ಏನು ಮಾಡೋದು.

ಇವರಿಗೆ ಹಾಕಿದ್ದು ಚಿತ್ರಾ ವಾಲ್ವ್. ತಿರುವನಂತಪುರದಲ್ಲಿ ನಮ್ಮವರೇ ಮಾಡಿದ್ದು, 1990ರಿಂದ ಹಾಕ್ತಿದ್ದಾರೆ, ಹೊರದೇಶದ್ದಕ್ಕಿಂತ ಅಗ್ಗ. ರಾತ್ರಿ ಫ್ಯಾನ್ ನಿಂತರೆ ಟಿಕ್ ಟಿಕ್ ಅಂತ ಕೇಳ್ತದೆ. ಮೊದಲ ತಿಂಗಳು ನನಗೆ ನಿದ್ದೆ ಬರಲಿಲ್ಲ. ಈಗ ಆ ಸದ್ದು ಕೇಳದಿದ್ರೆ ಎದ್ದು ಕೂರ್ತೇನೆ.

ರಕ್ತ ತೆಳು ಮಾಡುವ ಮಾತ್ರೆ ವಿಷಯ. ಹೆಸರು ಅಸಿಟ್ರೋಮ್, ದಿನಾ ಸಂಜೆ ಒಂದೇ ಹೊತ್ತಿಗೆ. ಐ.ಎನ್.ಆರ್. ಅಂತ ರಕ್ತ ಪರೀಕ್ಷೆ, 2ರಿಂದ 3ರ ಒಳಗೆ ಇರಬೇಕು. ಕಡಿಮೆ ಆದ್ರೆ ವಾಲ್ವಿನಲ್ಲಿ ಹೆಪ್ಪುಗಟ್ತದೆ, ಜಾಸ್ತಿ ಆದ್ರೆ ರಕ್ತ ನಿಲ್ಲೋದಿಲ್ಲ. ಬಸಳೆ, ಹರಿವೆ ತಿನ್ನಬಾರದು ಅಂತಲ್ಲ, ಒಂದು ವಾರ ರಾಶಿ ತಿಂದು ಇನ್ನೊಂದು ವಾರ ಬಿಡಬಾರದು. ಒಂದ್ಸಲ ಹಲ್ಲು ನೋವಿಗೆ ಅಂಗಡಿ ಮಾತ್ರೆ ನುಂಗಿ ಐ.ಎನ್.ಆರ್. 6 ಆಗಿ ಮೂಗಲ್ಲಿ ರಕ್ತ. ಬಲೆಯ ಹಗ್ಗ ಎಳೆದ ದಿನ ಅಂಗೈ ಪೂರ್ತಿ ನೀಲಿ. ಈಗ ಬೋಟು ಬಿಟ್ಟು ಮೀನು ಹರಾಜಿನ ಲೆಕ್ಕ ಬರೀತಾರೆ. ಸಂಬಳ ಕಡಿಮೆ, ಮನುಷ್ಯ ಇದ್ದಾರೆ.

2024ರ ಜುಲೈನಲ್ಲಿ ಶಿರೂರು ಗುಡ್ಡ ಕುಸಿದು ಹೆದ್ದಾರಿ ಬಂದ್ ಆಯ್ತಲ್ಲ, ಆಗ ಇವರ ಚೆಕಪ್ ದಿನ ಇತ್ತು. ದಾರಿ ಇಲ್ಲ. ಮಾತ್ರೆ ನಾಲ್ಕು ದಿನದ್ದು ಉಳಿದಿತ್ತು, ನಮ್ಮ ಅಂಗಡಿಯಲ್ಲಿ ಆ ಪವರ್ ಇರಲಿಲ್ಲ. ಗೋವೆಯಿಂದ ನಮ್ಮ ಮೈದುನ ರೈಲಿನಲ್ಲಿ ತಂದುಕೊಟ್ಟ. ಆವತ್ತಿನಿಂದ ಮನೆಯಲ್ಲಿ ಎರಡು ತಿಂಗಳ ಮಾತ್ರೆ ಅಕ್ಕಿ ಡಬ್ಬಿಯ ಮೇಲೆ ಇಟ್ಟೇ ಇರ್ತೇನೆ. ಈ ಜಿಲ್ಲೆಯಲ್ಲಿ ದೊಡ್ಡ ಆಸ್ಪತ್ರೆ ಬೇಕು ಅಂತ ನಾವು ಎಷ್ಟು ಕೂಗಿದ್ದೇವೆ ನಿಮಗೂ ಗೊತ್ತುಂಟು.

ನಿಮ್ಮ ತಮ್ಮನಿಗೆ ರುಮ್ಯಾಟಿಕ್ ಅಲ್ಲ ಅಂತ ಎಕೋ ಹೇಳ್ತಿದ್ರೆ ಧೈರ್ಯ ಮಾಡಿ.

---

ಎಕೋ ಕೋಣೆ · ಮೇ 13

ಹೊನ್ನಾವರ ಕಡೆಯವನು, ಬೆಂಗಳೂರಿನಲ್ಲಿ 14 ವರ್ಷದಿಂದ ಎಕೋ ತಂತ್ರಜ್ಞ. ಡಾಕ್ಟರಲ್ಲ. ಆಪರೇಷನ್ ಥಿಯೇಟರಿನ ಒಳಗೂ ಹೊರಗೂ ಈ ವಾಲ್ವುಗಳನ್ನು ನೋಡುತ್ತಲೇ ಇರುವವನು, ಅಷ್ಟೇ.

ಮೊದಲು ಗಾಳಿಗುಡ್ಡ ಅವರಿಗೆ. ನಿಮ್ಮ ಮಾವನವರದು ಲೀಕ್ ಅಲ್ಲ, ಸುಣ್ಣ ಕಟ್ಟಿ ಕಿರಿದಾದ ವಾಲ್ವ್ ಇದ್ದಿರಬೇಕು. ತೊಡೆಯಿಂದ ಕಳಿಸುವ ವಾಲ್ವ್ ಆ ಸುಣ್ಣವನ್ನೇ ಕಚ್ಚಿ ನಿಲ್ಲುವುದು. ಬರೀ ಸೋರುವ ವಾಲ್ವಿನಲ್ಲಿ ಅದಕ್ಕೆ ಹಿಡಿತ ಸಿಗುವುದಿಲ್ಲ, ಜಾರುವ ಅಪಾಯ. ಲೀಕಿಗೆಂದೇ ಬೇರೆ ಸಾಧನಗಳು ಬರುತ್ತಿವೆ, ಆದರೆ ಅವು ಆಪರೇಷನ್ ತಾಳಲಾರದ ವಯಸ್ಸಾದವರಿಗೆ. 34ರ ಹುಡುಗನಿಗೆ, ಅದೂ ಬುಡ 46 ಮಿ.ಮೀ. ಹಿಗ್ಗಿರುವಾಗ, ಆ ದಾರಿ ಅಲ್ಲ. ವಾಲ್ವಿಗೆ ಹೇಗೂ ಎದೆ ತೆರೆಯುವುದಾದರೆ 45 ದಾಟಿದ ಮಹಾಪಧಮನಿಯನ್ನೂ ಅದೇ ಸಲ ಬದಲಾಯಿಸುವುದು ಈಗಿನ ಪದ್ಧತಿ.

ಟೀಚರ್, ಫಲಿತಾಂಶ ಕೇಳಿದ್ದೀರಿ. ಕಾರವಾರದ ಅಕ್ಕನ ಮನೆಯದಕ್ಕೂ ಶಿರಸಿಯ ಹೆಗಡೆಯವರದ್ದಕ್ಕೂ (ಹೆಗಡೆಯವರೇ ಇರಬೇಕು ಅಂತ ಊಹೆ) ಹೆಸರು ಒಂದೇ 'ರಿಪೇರಿ'. ಒಳಗಿನ ರೋಗ ಬೇರೆ ಬೇರೆ, ಆದ್ದರಿಂದ ಅಂಕಿಯೂ ಬೇರೆ.

ಎಸಳು ಮೂರಿದ್ದು, ತೆಳ್ಳಗೆ ಚೆನ್ನಾಗಿದ್ದು, ಬುಡ ಮಾತ್ರ ಹಿಗ್ಗಿದ್ದರಿಂದ ಸೋರುತ್ತಿದ್ದರೆ ರಿಪೇರಿ ಅತ್ಯುತ್ತಮವಾಗಿ ಬಾಳುತ್ತದೆ. ಹಿಗ್ಗಿದ ಬುಡ ಕತ್ತರಿಸಿ, ಡಾಕ್ರಾನ್ ಬಟ್ಟೆಯ ಕೊಳವೆ ಇಟ್ಟು, ರೋಗಿಯ ಸ್ವಂತ ಕವಾಟವನ್ನು ಅದರೊಳಗೆ ಕೂರಿಸಿ ಹೊಲಿಯುವುದು, ಹೃದಯಕ್ಕೆ ರಕ್ತ ಕೊಡುವ ಎರಡು ನಾಳಗಳನ್ನು ಗುಂಡಿ ಹೊಲಿದ ಹಾಗೆ ಕೊಳವೆಗೆ ಜೋಡಿಸುವುದು. ಟೊರಾಂಟೊದ ಟೈರೋನ್ ಡೇವಿಡ್ 1992ರಲ್ಲಿ ಪ್ರಕಟಿಸಿದ ವಿಧಾನ, ಎಲ್ಲರೂ 'ಡೇವಿಡ್' ಅಂತಲೇ ಕರೆಯುತ್ತಾರೆ. ಪಳಗಿದ ಕೇಂದ್ರಗಳಲ್ಲಿ 10 ವರ್ಷ ಕಳೆದರೂ ನೂರರಲ್ಲಿ 90ಕ್ಕೂ ಹೆಚ್ಚು ಜನ ವಾಲ್ವಿಗಾಗಿ ಎರಡನೇ ಸಲ ಮೇಜು ಹತ್ತಿಲ್ಲ. ಎರಡೆಸಳಿನದ್ದು ಇದಕ್ಕಿಂತ ಸ್ವಲ್ಪ ಕೆಳಗೆ. ಎಸಳು ಮೆತ್ತಗಿದ್ದು, ಬುಡವನ್ನೂ ಬಿಗಿ ಮಾಡಿದ್ದರೆ, ಅಷ್ಟೇ ಕಾಲಕ್ಕೆ ನೂರರಲ್ಲಿ 80ರ ಮೇಲೆ. ಎಸಳಿಗೆ ಸುಣ್ಣ ಕಟ್ಟಿದ್ದರೆ, ತೂತಿಗೆ ತೇಪೆ ಹಾಕಬೇಕಾದರೆ ಬೇಗ ಕೆಡುತ್ತದೆ. ಇದೆಲ್ಲ ದಿನಾ ಇದನ್ನೇ ಮಾಡುವವರ ಲೆಕ್ಕ. ವರ್ಷಕ್ಕೆ ಎರಡು ಮಾಡುವವರ ಕೈಯಲ್ಲಿ ಈ ಅಂಕಿ ಹುಡುಕಬೇಡಿ. ಆಪರೇಷನ್ ಸಮಯದ ಜೀವಾಪಾಯ, ತುರ್ತಿಲ್ಲದೆ ದಿನ ಗೊತ್ತುಮಾಡಿ ಮಾಡಿದರೆ, ಅಂಥ ಕೇಂದ್ರಗಳಲ್ಲಿ ನೂರಕ್ಕೆ ಒಂದೆರಡು.

ಲೋಹದ ವಾಲ್ವಿನಲ್ಲಿ ವಾಲ್ವ್ ಸವೆಯುವುದಿಲ್ಲ, ಆದರೆ ಪ್ರತಿ ವರ್ಷ ನೂರರಲ್ಲಿ ಒಬ್ಬಿಬ್ಬರಿಗೆ ರಕ್ತಸ್ರಾವವೋ ಹೆಪ್ಪೋ ಆಗುವ ಲೆಕ್ಕವಿದೆ. 34ರಿಂದ 74ರವರೆಗೆ ಅದನ್ನು ಕೂಡಿಸಿ ನೋಡಿ. ಪ್ರಾಣಿ ಅಂಗಾಂಶದ ವಾಲ್ವ್ ಚಿಕ್ಕ ವಯಸ್ಸಿನವರಲ್ಲಿ ಹತ್ತು ಹನ್ನೆರಡು ವರ್ಷಕ್ಕೇ ಕೆಡುವುದುಂಟು. ನನ್ನ ತಮ್ಮನಾಗಿದ್ದರೆ ರಿಪೇರಿಗೆ ಪ್ರಯತ್ನಿಸಿ ಅನ್ನುತ್ತಿದ್ದೆ. ಆದರೆ ಹಠಕ್ಕೆ ಬಿದ್ದು ಅಲ್ಲ. ಅರೆಬರೆ ರಿಪೇರಿಗಿಂತ ಒಳ್ಳೆಯ ಬದಲಿ ವಾಲ್ವ್ ವಾಸಿ.

ಅರೆಬರೆಯೋ ಪೂರ್ತಿಯೋ ಎಂದು ಗೊತ್ತಾಗುವುದು ನಮ್ಮ ಕೆಲಸದಲ್ಲೇ. ಜರ್ಮನಿಯ ಹೋಂಬುರ್ಗಿನ ಶೇಫರ್ಸ್ ಅನ್ನುವ ಸರ್ಜನ್ ಒಂದು ಅಳತೆ ಹಾಕಿಕೊಟ್ಟಿದ್ದಾರೆ: ಎಸಳಿನ ಅಂಚು ತನ್ನ ಬುಡದಿಂದ ಸುಮಾರು 9 ಮಿ.ಮೀ. ಎತ್ತರಕ್ಕೆ ನಿಲ್ಲಬೇಕು. ಅದಕ್ಕೆಂದೇ ಒಂದು ಪುಟ್ಟ ಬಾಗಿದ ಅಳತೆಗೋಲು ಇದೆ. ಹೊಲಿದು ಮುಗಿಸಿ, ಹೃದಯ ತಿರುಗಿ ಮಿಡಿಯಲು ಶುರುವಾದ ಮೇಲೆ, ಗಂಟಲಿನಿಂದ ಇಳಿಸಿದ ಎಕೋ ಕೊಳವೆಯಲ್ಲಿ ನೋಡುತ್ತೇವೆ. ಥಿಯೇಟರಿನಲ್ಲಿ ಆಗ ಯಾರೂ ಮಾತಾಡುವುದಿಲ್ಲ. ಪರದೆಯ ಮೇಲೆ ಬಣ್ಣದ ಚಿಲುಮೆ ಹಿಂದಕ್ಕೆ ಚಿಮ್ಮಿದರೆ ಲೀಕ್ ಉಳಿದಿದೆ ಅಂತ. ಒಂದು ಎಳೆಯಷ್ಟಾದರೆ ಬಿಡುತ್ತಾರೆ. ಅದಕ್ಕಿಂತ ಹೆಚ್ಚಾದರೆ, ಅಥವಾ ಎಳೆ ಸಣ್ಣದಿದ್ದರೂ ಓರೆಯಾಗಿ ಹೋಗುತ್ತಿದ್ದರೆ, ಒಳ್ಳೆಯ ಸರ್ಜನ್ ಮತ್ತೆ ಹೃದಯ ನಿಲ್ಲಿಸಿ ಕೈ ಹಾಕುತ್ತಾರೆ. ನೀವು ಕೇಳಬೇಕಾದ ನಾಲ್ಕನೇ ಪ್ರಶ್ನೆ ಅದು: 'ಮೇಜಿನ ಮೇಲೆ ಲೀಕ್ ಉಳಿದರೆ ಏನು ಮಾಡುತ್ತೀರಿ?'

---

ಅಘನಾಶಿನಿ ದಂಡೆ · ಮೇ 14

ನಿನ್ನೆ ರಾತ್ರಿ ಎಲ್ಲವನ್ನೂ ಅಮ್ಮನಿಗೆ ಓದಿ ಹೇಳಿದೆ. ಫುಟ್‌ವಾಲ್ವ್ ಅವಳಿಗೆ ಗೊತ್ತಿಲ್ಲ. 'ನಮ್ಮ ಗಜನಿಯ ಜಂತ್ರಡಿ ಹಲಗೆ ಕೊಳೆತರೆ ಉಬ್ಬರದಲ್ಲಿ ಉಪ್ಪುನೀರು ಗದ್ದೆಗೆ ನುಗ್ಗುವುದಿಲ್ಲವಾ, ಹಾಗೆ' ಅಂದಳು. (ಗಜನಿ ಅಂದರೆ ಹೊಳೆದಂಡೆಯ ತಗ್ಗು ಗದ್ದೆ, ಜಂತ್ರಡಿ ಅಂದರೆ ಅದರ ತೂಬಿನ ಬಾಗಿಲು.) ಹಲಗೆ ಬದಲಾಯಿಸುವುದಾ, ಸಂದಿಗೆ ಜೇಡಿ ಮೆತ್ತುವುದಾ ಅಂತ ಪ್ರತಿ ವರ್ಷ ನಮ್ಮೂರಲ್ಲಿ ಜಗಳವಾಗುತ್ತದೆ. ಅಪ್ಪ ಇದ್ದಾಗ, ಹಲಗೆ ಮುಟ್ಟಿ ನೋಡದೆ ಮಾತಾಡಬೇಡಿ ಅನ್ನುತ್ತಿದ್ದರು.

ಬೈತಖೋಲದ ಅಕ್ಕ, ನಿಮ್ಮ ಮಾತು ಓದಿ ತಮ್ಮ ಸುಮ್ಮನೆ ಎದ್ದು ಹೋದ. ಸ್ವಲ್ಪ ಹೊತ್ತಿಗೆ ಬಂದು 'ಹರಾಜಿನ ಲೆಕ್ಕ ಬರೆಯಲಿಕ್ಕೆ ನನಗೆ ಬರುತ್ತದಾ?' ಅಂದ. ಅವನು ಏಳನೇ ಕ್ಲಾಸಿಗೆ ಬಿಟ್ಟವನು. ಬರುತ್ತದೆ, ನಾನು ಕಲಿಸುತ್ತೇನೆ ಅಂದೆ.

ಎಕೋ ಸರ್, ಇವನ ರಿಪೋರ್ಟಿನಲ್ಲಿ ಸುಣ್ಣದ ಮಾತಿಲ್ಲ, 'ಎಸಳುಗಳು ತೆಳು, ಚಲನೆ ಸರಾಗ' ಅಂತ ಇದೆ. ಜೂನ್‌ನಿಂದ ಬೋಟು ಹೇಗೂ ಬಂದ್, ಮೀನುಗಾರಿಕೆ ನಿಷೇಧದ ಎರಡು ತಿಂಗಳಲ್ಲೇ ಮಾಡಿಸುವ ಯೋಚನೆ. ಆಯುಷ್ಮಾನ್ ಕಾರ್ಡ್ ಇದೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿಗೆ ಓಡಾಡುತ್ತಿದ್ದೇನೆ. ಮೂರು ಕೌಂಟರ್ ಆಯಿತು, ನಾಲ್ಕನೆಯದರಲ್ಲಿ ಸಹಿ ಮಾಡುವವರು ರಜೆ.

---

ಅಘನಾಶಿನಿ ದಂಡೆ · ಅಕ್ಟೋಬರ್ 26

ಬಹಳ ದಿನ ಬರೆಯಲಿಲ್ಲ, ಕ್ಷಮಿಸಿ. ಇನ್‌ಬಾಕ್ಸಿನಲ್ಲಿ ಕೇಳಿದವರಿಗೆಲ್ಲ ಒಟ್ಟಿಗೆ ಹೇಳುತ್ತೇನೆ.

ಮೂರನೇ ಕಡೆ ತೋರಿಸಿದೆವು. ನಾಲ್ಕೂ ಪ್ರಶ್ನೆ ಕಾಗದದಲ್ಲಿ ಬರೆದುಕೊಂಡು ಹೋಗಿದ್ದೆ. ಸರ್ಜನ್ ಕಾಗದ ಇಸಿದುಕೊಂಡು 'ಯಾರು ಬರೆದುಕೊಟ್ಟದ್ದು?' ಅಂದರು. ಶಿರಸಿಯ ಒಬ್ಬ ಅಣ್ಣ ಅಂದೆ. ಪ್ರತಿಯೊಂದಕ್ಕೂ ಉತ್ತರ ಕೊಟ್ಟರು. ಎಷ್ಟು ಜನ ತಿರುಗಿ ಬಂದರು ಅನ್ನುವುದಕ್ಕೂ.

ಜುಲೈ 15ಕ್ಕೆ ಆಯಿತು, ಡೇವಿಡ್ ಆಪರೇಷನ್. ಬೋಟಿನ ಏಳು ಜನ ಮಳೆಯಲ್ಲಿ ಟೆಂಪೋ ಮಾಡಿಕೊಂಡು ರಕ್ತ ಕೊಡಲು ಬಂದರು. ಒಬ್ಬನ ರಕ್ತ ಬೇಡ ಅಂದರಂತೆ, ಹಿಂದಿನ ರಾತ್ರಿ ಕುಡಿದಿದ್ದ. ಅವನು ಹೊರಗೆ ಮೆಟ್ಟಿಲ ಮೇಲೆ ತಲೆ ತಗ್ಗಿಸಿ ಕೂತದ್ದು ಇನ್ನೂ ಕಣ್ಣಲ್ಲಿದೆ.

ಐದು ಗಂಟೆ ಅಂದದ್ದು ಏಳೂವರೆ ಆಯಿತು. ಏನೋ ಆಗಿದೆ ಅಂತ ಅಮ್ಮ ಗೋಡೆ ಹಿಡಿದು ನಿಂತಳು. ಎಕೋ ಸರ್, ನೀವು ಬರೆದದ್ದೇ ಆಗಿತ್ತು. ಮೊದಲ ಸಲ ಹೃದಯ ಮಿಡಿಸಿ ನೋಡಿದಾಗ ಓರೆಯಾಗಿ ಒಂದು ಲೀಕ್ ಉಳಿದಿತ್ತಂತೆ. ತಿರುಗಿ ನಿಲ್ಲಿಸಿ ಒಂದು ಎಸಳಿಗೆ ಇನ್ನೊಂದು ಹೊಲಿಗೆ ಹಾಕಿದರು. ನಿಮ್ಮ ಮಾತು ಮೊದಲೇ ಓದಿರದಿದ್ದರೆ, ಸರ್ಜನ್ ಹೊರಗೆ ಬಂದು 'ಎರಡು ಸಲ ಮಾಡಬೇಕಾಯಿತು' ಅಂದಾಗ ನಾನು ಅಲ್ಲೇ ಬೀಳುತ್ತಿದ್ದೆ. ನಾಲ್ಕನೇ ದಿನ ತಾಳ ತಪ್ಪಿತು. ತಮ್ಮನೇ ನರ್ಸಿಗೆ 'ಇದು ಮೂವರಲ್ಲಿ ಒಬ್ಬರಿಗೆ ಆಗ್ತದೆ ಸಿಸ್ಟರ್' ಅಂತ ಹೇಳಿದನಂತೆ.

ಮೂರು ತಿಂಗಳ ಎಕೋ ಮೊನ್ನೆ ಆಯಿತು. ಲೀಕ್ ಒಂದು ಎಳೆ. ಕುಗ್ಗಿದಾಗಿನ ಅಳತೆ 53ರಿಂದ 41ಕ್ಕೆ ಬಂದಿದೆ. ಇ.ಎಫ್. 56. ಬಿ.ಪಿ. 122/76. ಈಗ ಬರೀ ಒಂದು ಆಸ್ಪಿರಿನ್, ಒಂದು ಬಿ.ಪಿ. ಮಾತ್ರೆ. ನಾನೂ ಎಕೋ ಮಾಡಿಸಿಕೊಂಡೆ, ನನಗೆ ಮೂರೆಸಳು. ಅವನ ಮಗನಿಗೆ ಆರು ವರ್ಷ. ಪಾಪು ಅಳದೆ ಮಲಗಿ, ಪರದೆ ನೋಡಿ 'ಇದು ಮೀನಾ?' ಅಂತ ಕೇಳಿದ. ಅವನಿಗೆ ಎರಡೇ ಇವೆ. ಲೀಕ್ ಇಲ್ಲ, ಸದ್ಯಕ್ಕೆ ಏನೂ ಬೇಡ, ಆಗಾಗ ನೋಡಿಸುತ್ತ ಇರಿ ಅಂದಿದ್ದಾರೆ. ಅದನ್ನು ತಮ್ಮನಿಗೆ ಹೇಳಲು ಎರಡು ದಿನ ಹಿಡಿಯಿತು ನನಗೆ.

ಲೆಕ್ಕ ಕಲಿಸುತ್ತಿದ್ದೇನೆ. ಅವನ ಮನಸ್ಸು ಲೆಕ್ಕದಲ್ಲಿಲ್ಲ, ಕಿಟಕಿಯಿಂದ ಹೊಳೆ ನೋಡುತ್ತಾನೆ. ದಿನಾ ಒಂದೇ ಪ್ರಶ್ನೆ: ಬೋಟಿಗೆ ಯಾವಾಗ? ಸರ್ಜನ್ ಆರು ತಿಂಗಳು ತಡೆಯಿರಿ, ಆಮೇಲೂ ಉಸಿರು ಬಿಗಿಹಿಡಿದು ಎತ್ತುವ, ಎಳೆಯುವ ಕೆಲಸ ಬೇಡ ಅಂದಿದ್ದಾರೆ. ಇವನು, ಎಳೆಯುವುದಿಲ್ಲ, ಬೋಟು ನಡೆಸುವವನ ಪಕ್ಕ ನಿಲ್ಲುತ್ತೇನೆ ಅನ್ನುತ್ತಾನೆ. ಹೆಗಡೆ ಅಣ್ಣ, ನೀವು ತೋಟಕ್ಕೆ ಇಳಿದದ್ದು ಎಷ್ಟು ದಿನಕ್ಕೆ?

---

ತೋಟದ ಮನೆ, ಶಿರಸಿ · ಅಕ್ಟೋಬರ್ 26

ಓದಿದೆ, ಇಬ್ಬರೂ ಓದಿದೆವು. ಮನೆಯವಳು ದೇವರಿಗೆ ದೀಪ ಹಚ್ಚಲು ಹೋದಳು.

ತೋಟಕ್ಕೆ ಇಳಿದದ್ದು ಎರಡನೇ ತಿಂಗಳು, ಕೋಲು ಹಿಡಿದು, ಬರೀ ನೋಡಲು. ಐದನೇ ತಿಂಗಳು ಯಾರೂ ಇಲ್ಲದಾಗ ಅಡಿಕೆ ಚೀಲ ಎತ್ತಿ ನೋಡಿದೆ, ಅರ್ಧ ಚೀಲ. ಎದೆಯ ತಂತಿ ಕಟಕ್ ಅಂದ ಹಾಗಾಗಿ ಅಲ್ಲೇ ಕೂತೆ. ಏನೂ ಆಗಿರಲಿಲ್ಲ, ಆದರೆ ಡಾಕ್ಟರ ಹತ್ತಿರ ಹೇಳಿದಾಗ ಸಿಕ್ಕಿದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ. ಚೀಲ ಈಗಲೂ ಎತ್ತುವುದಿಲ್ಲ, ಆಳುಗಳು ಎತ್ತುತ್ತಾರೆ.

ಪಕ್ಕ ನಿಲ್ಲುತ್ತೇನೆ ಅನ್ನುವವನನ್ನು ನಂಬಬೇಡಿ. ಬಲೆ ಭಾರವಾದ ದಿನ ಅವನ ಕೈ ತಾನಾಗಿ ಹಗ್ಗಕ್ಕೆ ಹೋಗುತ್ತದೆ. ಬೋಟಿನ ಉಳಿದ ಆರು ಮಂದಿಗೆ ಹೇಳಿಡಿ, ಆ ಕುಡುಕನಿಗೂ.

ಮತ್ತೆ, ಹುಡುಗನ ಎಕೋ ತಾರೀಕು ಕ್ಯಾಲೆಂಡರಿನಲ್ಲಿ ಈಗಲೇ ಗುರುತು ಹಾಕಿ.